ಕಳಿಸಿದ್ದೇನೆ ಎಂದ ಅರ್ಜಿ

ಇಂಚರಾ, ನಿನ್ನ ಕಾಲೇಜು ಖರ್ಚಿಗೆ ಸರ್ಕಾರದ ನೆರವು ಕೇಳುವ ಅರ್ಜಿ ಕಳಿಸಿದ್ದೇನೆ ಎಂದು ನಾನು ಹೇಳಿದ್ದು ಸುಳ್ಳು. ಕಳಿಸಿರಲಿಲ್ಲ. ನಿಮ್ಮಪ್ಪನಿಗೂ ಅದೇ ಸುಳ್ಳು ಹೇಳಿದ್ದೆ.

ಅದು ನಿನ್ನ ಹೈಸ್ಕೂಲಿನ ಕೊನೆಯ ವರ್ಷ. ಆ ಅರ್ಜಿ ಹಾಕದೆ ಹೈಸ್ಕೂಲು ಗ್ರ್ಯಾಜುಯೇಷನ್ ಇಲ್ಲ ಎಂದು ಶಾಲೆಯವರು ಪಟ್ಟು ಹಿಡಿದಿದ್ದರು. "ಅಮ್ಮಾ, ಮೈ ಪಾರ್ಟ್ ಈಸ್ ಡನ್. ನಿಮ್ದು ಮಾತ್ರ ಬಾಕಿ," ಎಂದು ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟು ನೀನು ಆಡಲು ಓಡಿದೆ. ನನ್ನ ಮೇಲೆ ನಿನಗೆ ಅಷ್ಟು ನಂಬಿಕೆ.

ಅದೇ ವಾರ ಸನ್ನಿವೇಲ್ ದೇವಸ್ಥಾನದಲ್ಲಿ, ಪ್ರಸಾದದ ಸಾಲಿನಲ್ಲಿ, ಹಾಸನದ ಗೆಳತಿಯೊಬ್ಬಳು ಪಿಸುಗುಟ್ಟಿದ್ದಳು — "ಸರ್ಕಾರದ ದುಡ್ಡು ಮುಟ್ಟಿದ್ರೆ ಗ್ರೀನ್ ಕಾರ್ಡಿಗೆ ಕಲ್ಲು ಬಿತ್ತು ಅಂತ್ಲೇ ತಿಳ್ಕೊ ಕಣೇ." ನೀನು ಈ ಅಮೆರಿಕದಲ್ಲೇ ಹುಟ್ಟಿದವಳು, ನಿನಗೆ ಆ ಭಯವಿಲ್ಲ. ನಾನು, ನಿಮ್ಮಪ್ಪ ಇಬ್ಬರು ಮಾತ್ರ ಆ ಕಾರ್ಡಿಗಾಗಿ ಕಾಯುತ್ತಾ ಕೂತವರು. ಊರಿಗೆ ಹೋದರೆ ವಾಪಸ್ ಬಿಡುತ್ತಾರೋ ಇಲ್ಲವೋ ಎಂದು ಹೆತ್ತಮ್ಮನ ಮುಖ ನೋಡಲೂ ಹೋಗದವಳು ನಾನು. ವಕೀಲರನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ಅರ್ಜಿ ಬೇಡ ಎನ್ನುವ ತಂದೆತಾಯಿಗೆ ಶಾಲೆಯಲ್ಲಿ ಬೇರೆ ಹಾಳೆಯಿತ್ತು; ಅದಕ್ಕೆ ಸಹಿ ಹಾಕಿದರೆ ಗ್ರ್ಯಾಜುಯೇಷನ್‌ಗೆ ಅಡ್ಡಿಯಿರಲಿಲ್ಲ. ನಿನಗೆ ಗೊತ್ತಾಗದಂತೆ ಹೋಗಿ ಸಹಿ ಹಾಕಿ ಬಂದೆ.

ದೂರದ ಸ್ಯಾನ್ ಡಿಯಾಗೋದಲ್ಲಿ ನಿನಗೆ ಸೀಟು ಸಿಕ್ಕಿತು — ಕಡಲ ಜೀವಿಗಳನ್ನು ಓದುವ ಸೀಟು, ಚಿಕ್ಕಂದಿನಿಂದ ನೀನು ಜಪಿಸಿದ್ದು. ನೆರವು ಏನಾಯಿತು ಎಂದು ಕೇಳಿದೆ. "ಕೊಡಲ್ವಂತೆ ಕಂದಾ, ಅಪ್ಪನ ಸಂಬಳ ಜಾಸ್ತಿಯಂತೆ," ಎಂದೆ. "ಇಟ್ಸ್ ಓಕೆ, ಅಮ್ಮ. ಇಲ್ಲೇ ಮನೇಲಿದ್ದು ಓದ್ತೀನಿ," ಎಂದು ನೀನೇ ನನ್ನನ್ನು ಸಮಾಧಾನ ಮಾಡಿದೆ. ಆಗಲಾದರೂ ಬಾಯಿ ಬಿಡಬೇಕಿತ್ತು —

ಮಕ್ಕಳು ಪಡೆಯುವ ಆ ನೆರವಿಗೂ ನಮ್ಮ ಕಾರ್ಡಿಗೂ ಸಂಬಂಧವೇ ಇಲ್ಲವೆಂದು ವಕೀಲರೊಬ್ಬರು ಬೇರೇನೋ ಮಾತಿನ ನಡುವೆ ಹೇಳಿದ್ದು ಆಮೇಲೆ, ನೀನು ಓದು ಮುಗಿಸಿ ಆಸ್ಪತ್ರೆಯ ಬಿಲ್ಲಿಂಗ್ ಕೆಲಸಕ್ಕೆ ಸೇರಿದ ಮೇಲೆ. ನೆರವು ಸಿಗುತ್ತಿತ್ತೋ ಇಲ್ಲವೋ, ಇನ್ನು ಯಾರೂ ಹೇಳಲಾರರು. ಕೇಳುವ ಬಾಗಿಲನ್ನೇ ನಾನು ಮುಚ್ಚಿದೆ.

ಇನ್ನೂ ಒಂದಿದೆ, ಅದನ್ನು ಬರೆಯಲು ಕೈ ಬರುತ್ತಿಲ್ಲ. ಭಯವೊಂದೇ ಆಗಿರಲಿಲ್ಲ ಇಂಚರಾ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ನಾವಿದ್ದ ಮಿಲ್ಪಿಟಾಸಿನ ಆ ಅಪಾರ್ಟ್‌ಮೆಂಟಿನಲ್ಲಿ ಹಗಲಿಡೀ ಗೋಡೆ ನೋಡುತ್ತಾ ನಿನ್ನ ಬರವಿಗೆ ಕಾಯುತ್ತಿದ್ದೆ. ನೀನು ದೂರ ಹೋಗುವುದಿಲ್ಲ ಎಂದ ದಿನ ನನಗೆ ಸಂತೋಷವಾಯಿತು. ನಾನು ಸಿಕ್ಕಿಬಿದ್ದ ಕಡೆಯಲ್ಲೇ ನಿನ್ನನ್ನೂ ಕೂಡಿಹಾಕಿಕೊಂಡೆ.

ನಿನಗೆ ಕನ್ನಡ ಓದಲು ಬಾರದು. ಗೊತ್ತಿದ್ದೇ ಕನ್ನಡದಲ್ಲಿ ಬರೆದೆ — ಬಚ್ಚಿಡುವ ಚಾಳಿ ಇನ್ನೂ ಬಿಟ್ಟಿಲ್ಲ ನೋಡು. ಈ ಭಾನುವಾರ ನೀನು ಈಗಿರುವ ಗಿಲ್‌ರಾಯ್‌ನಿಂದ ಊಟಕ್ಕೆ ಬರುತ್ತೀಯ. ಬಡಿಸುವ ಮೊದಲೇ, ನಿಮ್ಮಪ್ಪನ ಎದುರಿಗೇ, ಇದನ್ನು ನಾನೇ ಓದಿ ಹೇಳುತ್ತೇನೆ. ಆಮೇಲೆ ಊಟಕ್ಕೆ ಕೂರುವುದೋ ಎದ್ದು ಹೋಗುವುದೋ, ನಿನಗೆ ಬಿಟ್ಟದ್ದು. ನಾನು ತಡೆಯುವುದಿಲ್ಲ.