ಆಗದ ಅಪಘಾತದ ಗಾಯ

ಕುಂದಾಪುರದಲ್ಲಿ ಮನೆಮನೆಗೆ ಊಟ ತಲುಪಿಸುವ ನಮಗೆ ಕಂಪೆನಿ ಸುರಕ್ಷತೆಯ ಪಾಠ ಮಾಡಿತ್ತು. ಡ್ಯೂಟಿಯಲ್ಲಿರುವಷ್ಟು ಹೊತ್ತು ಹೆಲ್ಮೆಟ್ ತೆಗೆಯಬಾರದು, ಗಿರಾಕಿಯ ಮನೆಯೊಳಗೆ ಕಾಲಿಡಬಾರದು. ಇದನ್ನು ಬರೆದ ಪುಣ್ಯಾತ್ಮರು ನಮ್ಮ ಕಡೆ ಯಾರ ಮನೆಗೂ ಹೋದವರಲ್ಲ. ಇಲ್ಲಿ ಬಾಗಿಲಿಗೆ ಬಂದವರು ಬೆಲ್ಲ, ನೀರು ಮುಟ್ಟದೆ ಹೋದರೆ ಮನೆಯವರಿಗೆ ಅವಮಾನ.

ಒಂದು ಮಧ್ಯಾಹ್ನ ತ್ರಾಸಿಯ ಮನೆಯೊಂದಕ್ಕೆ ಬಿರಿಯಾನಿ ಒಯ್ದೆ. ಮೀನು ಮಾರುವ ಆ ಮನೆಯ ಅಮ್ಮ ಗೇಟಿಗೇ ಬಂದರು.

“ಹ್ವಾಯ್, ಒಳ್ಗ್ ಬಾ ಮಗಾ. ಬೆಲ್ಲ ನೀರ್ ಕುಡಿ.”

“ಒಳ್ಗ್ ಬಪ್ಪುಕಾತಿಲ್ಲ ಅಮ್ಮ. ರೂಲ್ಸ್ ಇತ್ತ್.”

“ಎಂತ ರೂಲ್ಸ್? ನೀ ಕೂಕಂಡ್ರೆ ಮನಿ ಬೀಳತ್ತಾ?”

ಅಮ್ಮ ಸೊಸೆಯ ಕೈಯಲ್ಲಿ ಕುರ್ಚಿ ತರಿಸಿ ಗೇಟಿನಾಚೆ, ರಸ್ತೆ ಬದಿಯಲ್ಲಿ ಹಾಕಿಸಿದರು. ಹೊರಗೆ ಕೂತರೆ ರೂಲ್ಸಿಗೆ ಮೋಸವಿಲ್ಲವಂತೆ. ಕೂತೆ. ಹೆಲ್ಮೆಟ್ಟಿನ ಗಾಜು ಮೇಲೆತ್ತಿ ಬೆಲ್ಲ ಬಾಯಿಗಿಟ್ಟು ನೀರು ಕುಡಿದರೆ ಅರ್ಧ ಹೊಟ್ಟೆಗೆ, ಅರ್ಧ ಅಂಗಿಯೊಳಗೆ. ಬರೀ ನೀರು ಕೊಟ್ಟು ಕಳಿಸುವುದೇ ಎಂದು ಹುರಿದ ಬಂಗುಡೆಯೂ ಬಂತು. ಹೆಲ್ಮೆಟ್ ಹಾಕಿಕೊಂಡು ಮುಳ್ಳು ಬಿಡಿಸಿ ಮೀನು ತಿನ್ನುವವನನ್ನು ಬಸ್ಸಿನವರೆಲ್ಲ ತಿರುತಿರುಗಿ ನೋಡಿದರು.

ಅಷ್ಟರಲ್ಲಿ ಬೈಕಿನಲ್ಲಿದ್ದ ಫೋನು ಕಿರುಚಿತು: ತುಂಬ ಹೊತ್ತಿನಿಂದ ನಿಂತಲ್ಲೇ ಇದ್ದೀರಿ, ಅಪಘಾತವಾಗಿದೆಯೇ? ನನ್ನ ಕೈಯೆಲ್ಲ ಮಸಾಲೆ.

“ಅದೆಂತ ಬೊಬ್ಬಿ ಹಾಕತ್ತ್? ನಾ ಕಟ್ ಮಾಡ್ತೆ” ಎಂದು ಅಮ್ಮ ಕೆಂಪು ಗುಂಡಿ ಒತ್ತಿಯೇಬಿಟ್ಟರು.

ಕೆಂಪು ಒತ್ತಿದರೆ ಕರೆ ಕಟ್ಟಾಗುವುದು ಲೋಕರೂಢಿ. ಕಂಪೆನಿಯ ಆ್ಯಪಿನಲ್ಲಿ ಕೆಂಪೆಂದರೆ ‘ಹೌದು, ಅಪಘಾತವಾಗಿದೆ’ ಎಂದರ್ಥ. ಅಲ್ಲಿಗೆ ನನ್ನ ಐಡಿ ಬಂದ್, ಅದೂ ನನ್ನ ಸುರಕ್ಷತೆಗಾಗಿ! ಮುಂಬಯಿಯ ಹೋಟೆಲು ಕೆಲಸ ಬಿಟ್ಟು ಊರಿಗೆ ಬಂದ ಮೇಲೆ ನನ್ನ ಮನೆ ನಡೆಯುತ್ತಿದ್ದುದೇ ಆ ಐಡಿಯಿಂದ. ಐಡಿ ಇಲ್ಲದಿದ್ದರೆ ಆರ್ಡರಿಲ್ಲ. ಸಹಾಯವಾಣಿಗೆ ಫೋನ್ ಮಾಡಿ ನನಗೇನೂ ಆಗಿಲ್ಲ ಎಂದೆ.

“ಗಾಯ ವಾಸಿಯಾದ ಫೋಟೋ ಕಳಿಸಿ ಸರ್, ಐಡಿ ತೆರೆಯುತ್ತದೆ.”

“ಗಾಯವೇ ಇಲ್ಲ ಮೇಡಂ.”

“ಹಾಗಾದರೆ ವಾಸಿಯಾಗಿದೆ ಅಂತ ನಮಗೆ ಹೇಗೆ ಗೊತ್ತಾಗಬೇಕು ಸರ್?”

ಎರಡೂ ಕೈಗಳ ಫೋಟೋ ಕಳಿಸಿದೆ. ಗಾಯ ಕಾಣಿಸುತ್ತಿಲ್ಲವೆಂದು ವಾಪಸು ಬಂತು. ಮುಖದ್ದು ಕಳಿಸಿದೆ, ಅದೂ ವಾಪಸು. ಅಮ್ಮ ತಪ್ಪು ತನ್ನದೆಂದು ಒದ್ದಾಡುತ್ತಿದ್ದರು.

“ಮೀನ್ ಕೊಯ್ಯು ಕತ್ತಿ ಇತ್ತ್. ಸಣ್ಣ ಗೀರ್ ಹಾಕುದಾ ಮಗಾ?”

ತಮಾಷೆಗಲ್ಲ, ನಿಜವಾಗಿಯೇ ಕೇಳಿದರು. ನಾನೂ ಒಂದು ಕ್ಷಣ ಯೋಚಿಸಿದೆ. ಆಮೇಲೆ ಪ್ಯಾಂಟು ಮೇಲಕ್ಕೆ ಮಡಚಿ, ಅಮ್ಮನ ಸೊಸೆಯ ಕೈಯಲ್ಲಿ ಮೊಣಕಾಲಿನ ಫೋಟೋ ತೆಗೆಸಿ ಕಳಿಸಿದೆ. ಐಡಿ ತಕ್ಷಣ ತೆರೆಯಿತು. ನೀವು ಗುಣಮುಖರಾದದ್ದು ನಮಗೆ ಸಂತೋಷ ಎಂಬ ಸಂದೇಶವೂ ಬಂತು.

ಅಮ್ಮ ಮಾತ್ರ ಬಗ್ಗಿ ಮೊಣಕಾಲನ್ನೇ ನೋಡುತ್ತಿದ್ದರು.

“ಇಷ್ಟ್ ದೊಡ್ಡ ಕಲೆ! ಇದ್ ಯಾವಾಗ ಆದ್ದ್?”

ಮಳೆಗಾಲದಲ್ಲಿ ಕೋಟದ ಬಳಿ ಬೈಕು ಜಾರಿ ಬಿದ್ದಾಗ ಆದದ್ದು. ಅಂದೂ ಫೋನು ಹೀಗೆಯೇ ಕೇಳಿತ್ತು. ಹೌದು ಎಂದರೆ ಐಡಿ ಹೋಗುತ್ತದೆಂದು ಗೊತ್ತಿತ್ತು. ‘ಇಲ್ಲ’ ಒತ್ತಿ, ಕುಂಟುತ್ತಲೇ ಊಟ ತಲುಪಿಸಿದ್ದೆ.