ಗಾಳಿ ಬಿದ್ದ ಸಂಜೆ

ಕತ್ತಲಲ್ಲಿ ಪಕ್ಕದಲ್ಲೇ ಕೂತಿದ್ದ ದೊಡ್ಡಮ್ಮ ಇದ್ದಕ್ಕಿದ್ದಂತೆ ಹಾಡತೊಡಗಿದಾಗ ನಾನು ಗಾಬರಿಯಾಗಿ ಅವರ ಸೆರಗು ಜಗ್ಗಿದೆ. ಹೋದ ವರ್ಷ, ದೊಡ್ಡಬಳ್ಳಾಪುರದ ಶಾಲೆಯೊಂದರ ಹಾಲ್‌ನಲ್ಲಿ, ಬರೀ ಸದ್ದುಗಳನ್ನು ಕೇಳಿಸುವ ಕಾರ್ಯಕ್ರಮವೊಂದರಲ್ಲಿ ನಡೆದದ್ದು. ಬೆಂಗಳೂರಿನಿಂದ ಬಂದಿದ್ದ ಇಬ್ಬರು ತರುಣರು ದೀಪ ಆರಿಸಿ, ಮೂಲೆಮೂಲೆಗೂ ಸ್ಪೀಕರ್ ಇಟ್ಟು, ಸುರುಳಿ ಟೇಪಿನಿಂದ ಕೆರೆಯ ಕಪ್ಪೆಗಳ ದನಿ ಕೇಳಿಸಿದ್ದರು. ಅದರ ಹಿಂದೆಯೇ ಸರ್ರನೆ ಏರಿ ಇಳಿಯುವ ಇನ್ನೊಂದು ಸದ್ದು ಬಂತು. ಅದು ಗುರುಗ್ರಹದಿಂದ ಹೊರಟು ರೇಡಿಯೋಗೆ ಸಿಕ್ಕಿದ ಸದ್ದಂತೆ. ಅವರಲ್ಲೊಬ್ಬ ಅದಕ್ಕೆ ತೋಚಿದಂತೆ ಕೊಳಲು ನುಡಿಸುತ್ತಿದ್ದ.

ದೊಡ್ಡಮ್ಮನಿಗೆ ಮಾತ್ರ ಆ ಸರ್ರೆನ್ನುವುದು ರಾಗಿ ತೂರುವ ಸದ್ದು. ತೂಬಗೆರೆಯ ಹೊಲ ಮಾರಿ ನಮ್ಮ ಮನೆಗೆ ಬಂದ ಮೇಲೆ ಅವರು ಮತ್ತೆ ಕಣ ತುಳಿದಿರಲಿಲ್ಲ. ಈಗ ಹೊಟ್ಟು ಹಾರಿಸಲು ಗಾಳಿಯನ್ನು ಕರೆಯುವ ಹಾಡು ಹೇಳುತ್ತಾ, ಮೊರ ಹಿಡಿದವರಂತೆ ಕೈ ಎತ್ತಿ ಇಳಿಸುತ್ತಿದ್ದರು. ಅವರ ಮೊಣಕೈ ನನ್ನ ಭುಜಕ್ಕೆ ತಾಗುತ್ತಿತ್ತು. ಕೊಳಲಿನವನು ನಿಲ್ಲಿಸಲಿಲ್ಲ. ದನಿ ತಗ್ಗಿಸಿ ಅವರ ಹಾಡಿನ ಹಿಂದೆಯೇ ಹೋದ.

ಟೇಪು ಮುಗಿದು ಸದ್ದು ನಿಂತ ಕೂಡಲೇ ದೊಡ್ಡಮ್ಮನ ಕೈಯೂ ನಿಂತಿತು.

“ಗಾಳಿ ಬಿದ್ದೋಯ್ತು ಕಣವ್ವ,” ಎಂದರು. “ಇನ್ನೂ ಅರ್ಧ ರಾಶಿ ಹಂಗೇ ಐತೆ.”

ದೊಡ್ಡಮ್ಮ ಈಗಿಲ್ಲ. ಸ್ಟೇಷನ್ ಹುಡುಕುವಾಗ ರೇಡಿಯೋ ಸರ್ರೆಂದರೆ ನನ್ನ ಕೈ ಅಲ್ಲೇ ನಿಲ್ಲುತ್ತದೆ. ವಾರ್ತೆ ಶುರುವಾಯಿತೆಂದು ಮನೆಯವರು ಒಳಗಿನಿಂದ ಕೂಗುತ್ತಾರೆ. ಇನ್ನೊಂದು ಮೊರ ತೂರುವಷ್ಟು ಹೊತ್ತು ನಾನು ಮುಳ್ಳು ತಿರುಗಿಸುವುದಿಲ್ಲ.