ಬಸ್ಸಿನಿಂದ ಇಳಿಸಿದ ಹಣ್ಣು

ಡಿಪೋದಲ್ಲಿ ಅವನನ್ನು ಎಲ್ಲರೂ ಉದ್ದಮೂಗು ಎಂದೇ ಕರೆಯುತ್ತಿದ್ದರು. ಮೂಗೇನೂ ಅಷ್ಟು ಉದ್ದವಿರಲಿಲ್ಲ, ಅದರ ಚುರುಕು ಮಾತ್ರ ದೊಡ್ಡದಿತ್ತು. ಹಿಂದಿನ ಸೀಟಿನಲ್ಲಿ ಯಾರಾದರೂ ಕಿತ್ತಳೆ ಸುಲಿದರೆ ಮುಂದಿನ ಬಾಗಿಲಲ್ಲಿ ನಿಂತ ಅವನಿಗೆ ಗೊತ್ತಾಗುತ್ತಿತ್ತು. ಬ್ರೇಕು ಕಾದ ವಾಸನೆಯನ್ನು ಡ್ರೈವರನಿಗಿಂತ ಮೊದಲೇ ಹಿಡಿದು ಎರಡು ಸಲ ಬಸ್ಸು ನಿಲ್ಲಿಸಿದ್ದ. ಇಪ್ಪತ್ತೇಳು ವರ್ಷ ಒಂದೇ ಮಾರ್ಗದಲ್ಲಿ ಕಂಡಕ್ಟರಾಗಿ ದುಡಿದವನಿಗೆ ಒಂದೂ ಕೆಟ್ಟ ಹೆಸರಿರಲಿಲ್ಲ. ಚಿಲ್ಲರೆ ಉಳಿಸಿಕೊಂಡವನಲ್ಲ, ಮುದುಕರನ್ನು ಗದರಿದವನಲ್ಲ.

ಆ ಮೂಗಿಗೆ ಜಗತ್ತಿನಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಡುರಿಯನ್ ಹಣ್ಣು. ಹಲಸಿನ ತಮ್ಮನ ಹಾಗೆ ಕಾಣುವ, ಆದರೆ ಅಣ್ಣನಿಗಿಂತ ಚೂಪು ಮುಳ್ಳಿನ, ಅಣ್ಣನಿಗಿಂತ ನೂರು ಪಟ್ಟು ನಾರುವ ಹಣ್ಣು. ಅದರ ವಿಷಯದಲ್ಲಿ ತಟಸ್ಥರು ಅಂತ ಯಾರೂ ಇರುವುದಿಲ್ಲ. ಕೆಲವರಿಗೆ ಅದು ಮೋರಿ, ಕೊಳೆತ ಈರುಳ್ಳಿ, ಮೂರು ದಿನ ಒಗೆಯದ ಕಾಲುಚೀಲ. ಮಿಕ್ಕವರಿಗೆ ಅದೇ ವಾಸನೆ ಮೂಗಿಗೆ ಬಿದ್ದರೆ ಹೆಜ್ಜೆ ತಾನಾಗಿ ನಿಂತುಬಿಡುತ್ತದೆ. ಉದ್ದಮೂಗು ಮತ್ತು ಅವನ ಹೆಂಡತಿ ಇಬ್ಬರೂ ಹೆಜ್ಜೆ ನಿಲ್ಲಿಸುವ ಜಾತಿ. ಹಣ್ಣಿನ ಕಾಲದಲ್ಲಿ ರಜೆ ಸಿಕ್ಕ ಮಧ್ಯಾಹ್ನ ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಹಳೆಯ ಪೇಪರ್ ಹಾಸಿ, ಎದುರುಬದುರು ಕೂತು ತಿನ್ನುತ್ತಿದ್ದರು. ಮೇಲಿನ ಮನೆಯವರು ಕಿಟಕಿ ದಬಾರೆಂದು ಮುಚ್ಚುವ ಸದ್ದು ಕೇಳಿದರೆ ಇಬ್ಬರಿಗೂ ನಗು.

ಬಸ್ಸಿನಲ್ಲಿ ಮಾತ್ರ ಡುರಿಯನ್‌ಗೆ ಪ್ರವೇಶವಿರಲಿಲ್ಲ. ಬಾಗಿಲ ಪಕ್ಕದಲ್ಲೇ ಮುಳ್ಳುಹಣ್ಣಿನ ಚಿತ್ರ, ಅದರ ಮೇಲೆ ಕೆಂಪು ಗೀಟು. ನಿಯಮ ನಿಯಮವೇ ಆದರೂ ಉದ್ದಮೂಗು ಅದನ್ನು ನೋಡಿಯೂ ನೋಡದ ಹಾಗೆ ಇರುತ್ತಿದ್ದ. ಹಣ್ಣಿದ್ದವರನ್ನು ಕೊನೆಯ ಕಿಟಕಿಯ ಬಳಿ ಕೂರಿಸಿ, "ಗಾಜು ತೆಗೆದಿಡಿ, ಯಾರಾದ್ರೂ ಕೇಳಿದ್ರೆ ನಂಗೇನೂ ಗೊತ್ತಿಲ್ಲ" ಎನ್ನುತ್ತಿದ್ದ. ಅಷ್ಟರಲ್ಲಿ ಅವರ ನಿಲ್ದಾಣ ಬಂದಿರುತ್ತಿತ್ತು.

ಆ ದಿನ ಹನ್ನೆರಡೂವರೆಯ ಟ್ರಿಪ್ಪಿನಲ್ಲಿ ಅರವತ್ತು ದಾಟಿದ ಹೆಂಗಸೊಬ್ಬಳು ಹತ್ತಿದಳು. ಹತ್ತಿದವಳ ಕೈಯಲ್ಲಿ ಗೋಣಿಚೀಲ, ಅದರೊಳಗೆ ಟವೆಲಿನಲ್ಲಿ ಮಗುವಿನ ಹಾಗೆ ಸುತ್ತಿದ ಗುಂಡಗಿನ ವಸ್ತು. ಅವಳು ಎರಡನೆಯ ಮೆಟ್ಟಿಲು ಏರುವ ಮೊದಲೇ ಅವನ ಮೂಗು ಹೇಳಿಬಿಟ್ಟಿತು. ಇದು ಪೇಟೆಯ ಹಣ್ಣಲ್ಲ. ಕಿತ್ತು ಹಣ್ಣು ಮಾಡಿದ್ದಲ್ಲ, ಮರದಿಂದ ತಾನಾಗಿ ಬಿದ್ದದ್ದು, ಇವತ್ತು ಬೆಳಗ್ಗೆ ಬಿದ್ದದ್ದು. ನಾಳೆಗೆ ಇದು ಇಷ್ಟು ಚೆನ್ನಾಗಿರುವುದಿಲ್ಲ. ಇವತ್ತು ಮಧ್ಯಾಹ್ನವೇ ತಿನ್ನಬೇಕು.

ಟಿಕೆಟ್ ಕೊಡುತ್ತಾ ಅವನು ಬಾಯಲ್ಲಿ ಬಂದ ನೀರನ್ನು ನುಂಗಿದ. ಮೂರನೆಯ ಸೀಟಿನಲ್ಲಿ ಕೂತ ಟೈ ಕಟ್ಟಿದ ಮನುಷ್ಯ ಜೇಬಿನಿಂದ ಕರವಸ್ತ್ರ ತೆಗೆದು ಮೂಗಿಗೆ ಹಿಡಿದುಕೊಂಡ. ಅಷ್ಟೆ. ಬೇರೆ ಯಾರೂ ತಲೆ ಎತ್ತಿ ನೋಡಲಿಲ್ಲ.

"ಅಮ್ಮ, ಇದನ್ನ ಬಸ್ಸಲ್ಲಿ ತರೋ ಹಾಗಿಲ್ಲ," ಎಂದ ಉದ್ದಮೂಗು. ಹಾಗೆಂದ ಮೇಲೆ ಅವನಿಗೇ ಆಶ್ಚರ್ಯವಾಯಿತು.

"ಗೊತ್ತಪ್ಪ. ಐದೇ ನಿಲ್ದಾಣ. ಹಿಂದೆ ಹೋಗಿ ಕೂತ್ಕೋತೀನಿ."

"ಜನ ಗಲಾಟೆ ಮಾಡ್ತಾರೆ. ಇಳೀಬೇಕಾಗುತ್ತೆ."

"ಇಳಿದ್ರೆ ಮುಂದಿನ ಬಸ್ಸು ಎರಡು ಗಂಟೆಗೆ. ಅಕ್ಕ ಆಸ್ಪತ್ರೇಲಿದಾಳೆ. ಒಂದರಿಂದ ಎರಡೂವರೆ ತನಕ ಮಾತ್ರ ಒಳಗೆ ಬಿಡ್ತಾರೆ."

"ಹಾಗಾದ್ರೆ ಹಣ್ಣು ಕೊಡಿ. ಮುಂದಿನ ನಿಲ್ದಾಣದಲ್ಲಿ ಡಬ್ಬಿಗೆ ಹಾಕ್ತೀನಿ. ನೀವು ಆರಾಮಾಗಿ ಹೋಗಿ."

ಆ ಹೆಂಗಸು ಅವನ ಮುಖವನ್ನೂ ಚೀಲವನ್ನೂ ನೋಡಿದಳು. ಟವೆಲ್ ಬಿಚ್ಚಿಕೊಂಡು, ಮಡಿಚಿ ಮಡಿಲಲ್ಲಿಟ್ಟುಕೊಂಡು, ಚೀಲ ಅವನ ಕೈಗಿತ್ತಳು.

ಮುಂದಿನ ನಿಲ್ದಾಣದಲ್ಲಿ ಕಸದ ಡಬ್ಬಿ ಇತ್ತು. ಅದರಿಂದ ಹತ್ತು ಹೆಜ್ಜೆ ಆಚೆಗೆ ಬಸ್ಸುಗಳ ವೇಳೆ ಬರೆದುಕೊಳ್ಳುವ ಗುಮಾಸ್ತನ ಗೂಡೂ ಇತ್ತು. ಉದ್ದಮೂಗು ಡಬ್ಬಿಯ ಕಡೆಗೇ ನಡೆದ. ನಡುವೆ ಬಸ್ಸಿಗೆ ಬೆನ್ನು ತಿರುಗಿಸಿ ಗೂಡಿನ ಹಿಂದೆ ಚೀಲ ಇಟ್ಟು, "ಎರಡು ಗಂಟೆಗೆ ತಗೋತೀನಿ, ಯಾರಿಗೂ ಕೊಡಬೇಡ" ಎಂದು ಗುಮಾಸ್ತನಿಗೆ ಹೇಳಿ ವಾಪಸ್ ಹತ್ತಿ ಸೀಟಿ ಊದಿದ.

ಪಾಳಿ ಮುಗಿಸಿ ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಮೂಗರಳಿಸಿದಳು. "ರೀ, ಏನಿದು? ಎಲ್ಲಿ ಸಿಕ್ತು?"

"ಸಿಕ್ತು. ಚಾಕು ತಗೊಂಡು ಬಾ."

ಸೀಳಿನ ಗೆರೆಗೆ ಚಾಕುವಿನ ತುದಿ ಇಟ್ಟು ಸ್ವಲ್ಪ ತಿರುವಿದ್ದೇ ತಡ, ಹಣ್ಣು ತಾನೇ ಬಾಯಿಬಿಟ್ಟಿತು. ಒಳಗಿನ ತೊಳೆಗಳು ಹಳೆಯ ಬೆಣ್ಣೆಯ ಬಣ್ಣದವು, ಮೈಮೇಲೆ ಸಣ್ಣ ಸುಕ್ಕು, ಬೀಜ ಹೆಬ್ಬೆರಳ ತುದಿಯಷ್ಟು. ನಾಲಿಗೆಯ ಮೇಲಿಟ್ಟರೆ ಅಗಿಯುವ ಕೆಲಸವೇ ಇಲ್ಲ. ಮೊದಲು ಸಿಹಿ ಬಂತು, ಕಾಸಿ ಕಾಸಿ ಗಟ್ಟಿಯಾದ ಹಾಲಿನ ಸಿಹಿ. ಅದರ ಬೆನ್ನಿಗೆ ಹುರಿದ ಬಾದಾಮಿಯಂಥ ಏನೋ. ಎಲ್ಲ ಮುಗಿಯಿತು ಅನ್ನುವಾಗ ಗಂಟಲ ಹತ್ತಿರ ಒಂದೆಳೆ ಕಹಿ, ಮತ್ತೊಂದು ತೊಳೆಗೆ ಕೈ ಚಾಚು ಎನ್ನುವ ಕಹಿ. ಗಂಡ ಹೆಂಡತಿಗೆ ಮೇಲಿನ ಕಿಟಕಿ ಮುಚ್ಚಿದ್ದೂ ಕೇಳಿಸಲಿಲ್ಲ. ಕೊನೆಗೆ ಹೆಂಡತಿ ಬೆರಳು ನೆಕ್ಕುತ್ತಾ, "ಮದುವೆಯಾದಾಗಿಂದ ಇಂಥ ಹಣ್ಣು ತಂದಿರಲಿಲ್ಲ ನೀವು. ಯಾರ ಹತ್ರ ತಂದ್ರಿ? ಮುಂದಿನ ವಾರಾನೂ ಅವರ ಹತ್ರಾನೇ ತನ್ನಿ" ಎಂದಳು.

ಅವನ ಗಂಟಲಲ್ಲಿದ್ದ ಕಹಿ ಅಲ್ಲಿಂದ ಕೆಳಗಿಳಿಯಲಿಲ್ಲ.

ವಾರವಿಡೀ ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ನಿಯಮ ಇರುವುದೇ ಹಾಗೆ. ಟೈ ಕಟ್ಟಿದವನು ಕರವಸ್ತ್ರ ತೆಗೆದಿದ್ದ. ಮೂರನೆಯ ದಿನಕ್ಕೆ ಆ ಮನುಷ್ಯ ಏನೋ ಗೊಣಗಿದ್ದ ಅನ್ನಿಸಿತು. ಐದನೆಯ ದಿನಕ್ಕೆ ಅವನ ನೆನಪಿನಲ್ಲಿ ಆ ಮನುಷ್ಯ ಎದ್ದು ನಿಂತು ಕೂಗಾಡಿದ್ದ. ಆದರೂ ಟವೆಲ್ ಮಡಿಚಿಕೊಂಡ ಆ ಕೈಗಳು ಕಣ್ಣೆದುರಿನಿಂದ ಹೋಗಲಿಲ್ಲ. ಇತ್ತ ಹೆಂಡತಿ ನೀರಿನ ನಲ್ಲಿಯ ಹತ್ತಿರ ನೆರೆಯವರ ಮುಂದೆ, "ನಮ್ಮನೆಯವರ ಮೂಗು ನೋಡಿ, ಎಂಥ ಹಣ್ಣು ಹುಡುಕಿ ತಂದಿದ್ರು" ಎಂದು ಹೊಗಳುವುದು ಕೇಳಿಸಿದರೆ ಅವನು ಒಳಗೆ ಹೋಗಿ ರೇಡಿಯೋದ ಸದ್ದು ಜೋರು ಮಾಡುತ್ತಿದ್ದ.

ಮೂರು ವಾರ ಕಳೆದ ಮೇಲೆ ಆ ಹೆಂಗಸು ಮತ್ತೆ ಹತ್ತಿದಳು. ಕೈಯಲ್ಲಿ ಬಟ್ಟೆಯ ಚೀಲ, ಬೆರಳಿಗೆ ಸೂಜಿ ಚುಚ್ಚದಂತೆ ಹಾಕುವ ಲೋಹದ ಟೋಪಿ. ಅವಳು ಸಿದ್ಧ ಉಡುಪಿನ ಅಂಗಡಿಗೆ ಗುಂಡಿ ಹೊಲಿದುಕೊಡುವವಳು ಎಂದು ಆಮೇಲೆ ತಿಳಿಯಿತು. ಬಸ್ಸು ಖಾಲಿಯಿತ್ತು.

"ಅಕ್ಕ ಹೇಗಿದಾರಮ್ಮ?"

"ಮುರಿದ ಸೊಂಟ ಕೂಡ್ಕೊಳ್ತಾ ಇದೆಯಂತೆ. ಊಟಾನೇ ಸೇರಲ್ಲ ಅವಳಿಗೆ." ಚಿಲ್ಲರೆ ಎಣಿಸಿಕೊಡುತ್ತಾ ಅವಳೇ ಕೇಳಿದಳು. "ಅಲ್ಲಪ್ಪ, ಆ ಹಣ್ಣು ನೀವು ಯಾವ ಡಬ್ಬಿಗೆ ಹಾಕಿದ್ರಿ?"

"ಯಾಕಮ್ಮ?"

"ಆಸ್ಪತ್ರೆಯಿಂದ ವಾಪಸ್ ಬರ್ತಾ ಇಳಿದು ನೋಡಿದೆ. ಮುಂದಿನ ನಿಲ್ದಾಣ ಅಂದಿದ್ರಲ್ಲ, ಅಲ್ಲಿರಲಿಲ್ಲ. ಲೆಕ್ಕ ತಪ್ಪಿತೇನೋ ಅಂತ ನಡ್ಕೊಂಡು ಹೋಗಿ ಅದರಾಚೆ ಎರಡು ಡಬ್ಬೀನೂ ನೋಡಿದೆ."

ಉದ್ದಮೂಗು ಮನಸ್ಸಿನಲ್ಲೇ ವೇಳೆ ಲೆಕ್ಕ ಹಾಕಿದ. ಅರವತ್ತು ದಾಟಿದ ಹೆಂಗಸು ನಡು ಬಿಸಿಲಲ್ಲಿ ಕಸದ ಡಬ್ಬಿಗಳಿಗೆ ಬಗ್ಗಿ ನೋಡುತ್ತಿದ್ದ ಹೊತ್ತಿಗೆ ಸರಿಯಾಗಿ ಅವನು ಮೆಟ್ಟಿಲ ಮೇಲೆ ಕೂತು ಚಪ್ಪರಿಸುತ್ತಿದ್ದ.

"ಯಾರೋ ತಗೊಂಡು ಹೋಗಿರಬೇಕು," ಎಂದ.

"ತಗೊಂಡು ಹೋಗಿದ್ರೆ ಒಳ್ಳೇದೇ ಆಯ್ತು ಬಿಡಿ. ಹನ್ನೊಂದು ವರ್ಷಕ್ಕೆ ಮರ ಬಿಟ್ಟಿದ್ದು ಅದೊಂದೇ ಕಾಯಿ. ಅಕ್ಕಾನೇ ಬೀಜ ಕೊಟ್ಟು ನೆಡಿಸಿದ್ದು, ನಮ್ಮಮ್ಮ ಬೆಳೆಸಿದ ಮರದ ಬೀಜ. ಯಾರಾದ್ರೂ ತಿಂದಿದ್ರೆ ಸಾಕು."

ಅವಳು ಇಳಿದ ಮೇಲೆ ಡ್ರೈವರ್ ತಿರುಗಿ ನೋಡುವವರೆಗೂ ಅವನು ಸೀಟಿ ಊದಲಿಲ್ಲ.

ಮನೆಯಲ್ಲಿ ಹೆಂಡತಿ ಸೊಪ್ಪು ಬಿಡಿಸುತ್ತಿದ್ದಳು. ಅವನು ಎದುರಿಗೆ ಕೂತು ಒಂದೇ ಉಸಿರಿಗೆ ಹೇಳಿದ. ಅವಳ ಕೈ ನಿಂತಿತು.

"ಡಬ್ಬೀಲಿ ಹುಡುಕಿದ್ಲಂತಾ?"

"ಮೂರು ಡಬ್ಬೀಲಿ."

"ಮತ್ತೆ ನಂಗ್ಯಾಕೆ ತಿನ್ನಿಸಿದ್ರಿ? ನಾನು ಊರಿಗೆಲ್ಲ ಹೇಳ್ಕೊಂಡು ಬಂದೆನಲ್ಲ." ಸೊಪ್ಪನ್ನು ಪಕ್ಕಕ್ಕೆ ಸರಿಸಿದಳು. "ಹೋಗಿ ಹೇಳಿ ಬನ್ನಿ ಅವರಿಗೆ. ಹೇಳೋ ತನಕ ನನ್ನ ಮುಂದೆ ಹಣ್ಣು ಅನ್ನೋ ಮಾತೇ ಎತ್ತಬೇಡಿ."

ಮುಂದಿನ ಸಲ ಆ ಹೆಂಗಸು ಹತ್ತಿದಾಗ ಉದ್ದಮೂಗು ಟಿಕೆಟ್ ಹರಿಯುವ ಮೊದಲೇ, "ಅಮ್ಮ, ಹಣ್ಣು ಡಬ್ಬಿಗೆ ಹಾಕಲಿಲ್ಲ. ನಾನೇ ತಿಂದೆ" ಎಂದುಬಿಟ್ಟ.

ಅವಳು ಬೈಯುತ್ತಾಳೆ ಅಂದುಕೊಂಡಿದ್ದ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಅವಳು ಚೀಲದಿಂದ ಒಂದು ಅಂಗಿ ತೆಗೆದು ಅದರ ಗುಂಡಿಗಳನ್ನು ಒಂದೊಂದಾಗಿ ಎಳೆದು ನೋಡಿದಳು. ಆಮೇಲೆ ಅವನ ಕಡೆ ತಿರುಗಿ, "ಹೇಗಿತ್ತು?" ಎಂದಳು.

ಅವನು ಆಗಷ್ಟೇ ನೆನಪಾದವನ ಹಾಗೆ ಟಿಕೆಟ್ ಹರಿದುಕೊಟ್ಟ.

"ನಂಗೆ ಗೊತ್ತಿಲ್ಲ ನೋಡಿ. ಒಂದೇ ಇತ್ತಲ್ಲ, ಅಕ್ಕನ ಜೊತೆ ಒಡೆದು ತಿನ್ನೋಣ ಅಂತ ನಾನು ಮುಟ್ಟಿರಲಿಲ್ಲ. ಗಾಲಿಕುರ್ಚೀಲಿ ಅವಳನ್ನ ಹೊರಗಿನ ಗೋಡೆ ಹತ್ರ ಕರ್ಕೊಂಡು ಹೋಗೋಣ ಅಂತಿದ್ದೆ. ಈಗ ಆ ಹಣ್ಣು ಹೇಗಿದ್ದಿರಬಹುದು, ಅಮ್ಮನ ಮರದ ರುಚಿನೇ ಇತ್ತೇನೋ ಅಂತ ಅವಳು ದಿನಾ ಕೇಳ್ತಾಳೆ. ನಾನೇನು ಹೇಳ್ಲಿ? ನೀವೇ ಬಂದು ಹೇಳಿ."

ರಜೆಯ ದಿನ ಅವನು ಹೋದ. ಉದ್ದನೆಯ ವಾರ್ಡು, ಎರಡೂ ಕಡೆ ಕಬ್ಬಿಣದ ಮಂಚಗಳು, ಫಿನಾಯಿಲು ಮತ್ತು ಒಣಗದ ಬೆಡ್‌ಶೀಟಿನ ವಾಸನೆ. ಕೊನೆಯ ಮಂಚದಲ್ಲಿ ಅಕ್ಕ. ತಂಗಿಗಿಂತ ಹತ್ತು ವರ್ಷ ದೊಡ್ಡವಳು. ಲಾಂಡ್ರಿಯಲ್ಲಿ ಜೀವಮಾನವಿಡೀ ಇಸ್ತ್ರಿ ಹಾಕಿದ ಗಟ್ಟಿ ಕೈಗಳು ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿದ್ದವು.

"ಅಕ್ಕ, ಇವರೇ ನೋಡು," ಎಂದಳು ತಂಗಿ.

"ಓ, ತಿಂದವನು," ಎಂದಳು ಅಕ್ಕ. "ಕೂತ್ಕೊಪ್ಪ. ಸಿಪ್ಪೆ ಹೇಗೆ ಬಿಡ್ತು? ಕಷ್ಟ ಆಯ್ತಾ?"

"ಇಲ್ಲಮ್ಮ. ಚಾಕು ಇಟ್ಟಿದ್ದೇ ಸಾಕಾಯ್ತು."

"ಬೀಜ?"

"ಸಣ್ಣದು. ಇಷ್ಟೇ."

"ಎಲ್ಲಿ ಬೀಜ?"

ಅವನು ತಲೆ ತಗ್ಗಿಸಿದ. ಬೀಜಗಳು ಅದೇ ಪೇಪರಿನಲ್ಲಿ ಸಿಪ್ಪೆಯ ಜೊತೆ ಕಸಕ್ಕೆ ಹೋಗಿದ್ದವು. ಅಕ್ಕ ಆ ಮಾತು ಮುಂದುವರಿಸಲಿಲ್ಲ. "ಹೋಗ್ಲಿ. ರುಚಿ ಹೇಳು. ಬರೀ ಸಿಹಿ ಅಂತ ಹೇಳಬೇಡ, ಸಕ್ಕರೇನೂ ಸಿಹೀನೇ."

ಅವನು ಹೇಳತೊಡಗಿದ. ಮೊದಮೊದಲು ತಡವರಿಸಿದ, ಆಮೇಲೆ ನಾಲಿಗೆಗೆ ಆ ಮಧ್ಯಾಹ್ನ ಪೂರ್ತಿ ಮರಳಿತು. ಗಟ್ಟಿ ಹಾಲು, ಬಾದಾಮಿ, ಬೆರಳಿಗೆ ಮೆತ್ತಿಕೊಂಡದ್ದು, ಮೇಲುಸುಕ್ಕಿನ ಒಳಗಿನ ನುಣುಪು. ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಅವಳ ಗಂಟಲು ಏನೋ ನುಂಗುವಂತೆ ಒಂದು ಸಲ ಮೇಲೆ ಕೆಳಗೆ ಆಡಿತು.

"ಕೊನೇಗೆ ಕಹಿ ಬಂತಾ?"

"ಬಂತು. ಒಂದೆಳೆ."

"ಅಮ್ಮನ ಮರಾನೇ ಕಣೇ," ಎಂದಳು ಅಕ್ಕ ತಂಗಿಗೆ. "ಸುಳ್ಳು ಹೇಳ್ತಿಲ್ಲ ಇವನು." ಮತ್ತೆ ಅವನಿಗೆ, "ಎಷ್ಟು ತೊಳೆ ತಿಂದೆ?"

"ಏಳು."

"ಹೆಂಡ್ತಿಗೆ?"

"ನಾಲ್ಕು."

"ಅಲ್ಲೂ ಮೋಸ," ಎಂದು ಅಕ್ಕ ನಕ್ಕಳು. ಪಕ್ಕದ ಮಂಚದವಳೂ ನಕ್ಕಳು. ಆ ನಗುವಿನಲ್ಲೇ ಅಕ್ಕ ಕೇಳಿದಳು, "ಬಸ್ಸಲ್ಲಿ ಜನ ತುಂಬ ಗಲಾಟೆ ಮಾಡಿದ್ರಾ?"

"ಹೂಂ," ಎಂದ ಉದ್ದಮೂಗು. "ಒಬ್ಬರು ಎದ್ದು ನಿಂತು ಕೂಗಾಡಿದ್ರು."

ಮೆಟ್ಟಿಲಿಳಿಯುತ್ತಿರುವಾಗ ಅವನಿಗೆ ಹೊಳೆಯಿತು. ಆ ಮಾತು ಹೇಳಿದಾಗ ತಂಗಿ ಮಂಚದ ಪಕ್ಕದಲ್ಲೇ ನಿಂತಿದ್ದಳು. ಬಸ್ಸಿನಲ್ಲೂ ಇದ್ದಳು. ಮೂರನೆಯ ಸೀಟಿನವನನ್ನು ಅವಳೂ ನೋಡಿದ್ದಳು. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತು ಅವಳು ಬರುವವರೆಗೆ ಕಾದ.

ಅವಳು ಬಂದು ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸತೊಡಗಿದಳು.

"ಅಮ್ಮ, ಅವತ್ತು ಯಾರೂ ಕೂಗಾಡಲಿಲ್ಲ," ಎಂದ. "ಯಾರೂ ಏನೂ ಹೇಳಲಿಲ್ಲ. ಆ ವಾಸನೆಗೆ ನಂಗೇ ಆಸೆಯಾಯ್ತು."

"ಗೊತ್ತು. ನಾನೂ ಅದೇ ಬಸ್ಸಲ್ಲಿದ್ದೆನಲ್ಲ."

"ಮತ್ತೆ ಅಕ್ಕನ ಮುಂದೆ ಯಾಕೆ ಸುಮ್ಮನಿದ್ರಿ?"

"ಎಷ್ಟೋ ದಿನ ಆದ್ಮೇಲೆ ನಗ್ತಾ ಇದ್ಲು. ಆಗ ಯಾಕೆ ಅದೆಲ್ಲ ಅಂತ." ದಾರಕ್ಕೆ ಗಂಟು ಹಾಕಿ ಹಲ್ಲಿನಿಂದ ಕತ್ತರಿಸಿದಳು. ಪರವಾಗಿಲ್ಲ ಎನ್ನಲಿಲ್ಲ. ಅವನು ಆ ಮಾತಿಗಾಗಿ ಕಾದದ್ದು ಅವಳಿಗೆ ಗೊತ್ತಾಗಿರಬೇಕು, ಆದರೂ ಎನ್ನಲಿಲ್ಲ. "ನನ್ನ ಬಸ್ಸು ಬಂತು," ಎಂದು ಎದ್ದು ಹೋದಳು.

ಮುಂದಿನ ವಾರ ಅವನೂ ಹೆಂಡತಿಯೂ ಪೇಟೆಯನ್ನೆಲ್ಲ ಸುತ್ತಿ, ಹತ್ತು ಹಣ್ಣು ಮೂಸಿ, ಒಂದನ್ನು ಆರಿಸಿಕೊಂಡು ಮೂರು ಮೈಲಿ ನಡೆದು ಆಸ್ಪತ್ರೆಗೆ ತಂದರು. ಗಾಲಿಕುರ್ಚಿಯನ್ನು ಹೊರಗಿನ ಗೋಡೆಯ ನೆರಳಿಗೆ ತಳ್ಳಿ ಅಲ್ಲೇ ಒಡೆದರು. ಅಕ್ಕ ಒಂದು ತೊಳೆ ತಿಂದು, "ಚೆನ್ನಾಗಿದೆಯಪ್ಪ" ಎಂದು ಉಳಿದದ್ದನ್ನು ತಂಗಿಯ ಕಡೆ ಸರಿಸಿದಳು. ಅತಿಥಿಗಳು ಮಾತಾಡುವ ಹಾಗಿನ ಆ ಮರ್ಯಾದೆ ಅವನಿಗೆ ಬೈಗುಳಕ್ಕಿಂತ ಜೋರಾಗಿ ತಾಗಿತು. ಹೆಂಡತಿ ಅಕ್ಕನ ಬೆರಳುಗಳನ್ನು ಒಂದೊಂದಾಗಿ ಒರೆಸಿದಳು. ಆಮೇಲೆ ಅವಳು ಅವನಿಲ್ಲದೆಯೂ ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಿದ್ದಳು.

ಅಕ್ಕ ಕೋಲು ಹಿಡಿದು ನಡೆಯುವಂತಾಗಿ ತಂಗಿಯ ಮನೆ ಸೇರಿದಳು. ಮರುವರ್ಷ ಮರದ ಹೂವೆಲ್ಲ ಉದುರಿತು. ಅದರಾಚೆಯ ವರ್ಷ ನಾಲ್ಕು ಹಣ್ಣು ಬಿಟ್ಟಿತು. ಅಕ್ಕ ತಂಗಿ ಸೇರಿ ಎರಡು ತಿಂದರು, ಎರಡು ಬೀದಿಯವರಿಗೆ ಹಂಚಿದರು. ತಂಗಿಯೇ ಒಂದು ದಿನ ಬಸ್ಸಿನಲ್ಲಿ ಇದನ್ನೆಲ್ಲ ಹೇಳಿದಳು. ಕಹಿ ಈ ಸಲ ಇನ್ನೂ ಸ್ವಲ್ಪ ಜಾಸ್ತಿಯಿತ್ತು, ಅಕ್ಕ ಚಿಪ್ಪನ್ನೂ ಬಿಡದೆ ಕೆರೆದಳು ಎಂದಳು. ಅವನಿಗೊಂದು ತೊಳೆ ತರಬಹುದಿತ್ತು ಎಂಬ ಮಾತು ಅವಳ ಬಾಯಲ್ಲಿ ಬರಲಿಲ್ಲ. ಅವನೂ ಅದನ್ನು ಬಯಸಿರಲಿಲ್ಲ. ಬಯಸಿರಲಿಲ್ಲ ಎಂದರೆ ಪೂರ್ತಿ ನಿಜವಲ್ಲ. ಅವಳು ಹೇಳುತ್ತಿರುವಷ್ಟು ಹೊತ್ತೂ ಅವನ ಬಾಯಲ್ಲಿ ನೀರೂರುತ್ತಿತ್ತು, ಅದಕ್ಕೆ ಅವನಿಗೆ ನಾಚಿಕೆಯಾಗುತ್ತಿತ್ತು. ಟಿಕೆಟ್ ಹರಿದುಕೊಟ್ಟು, "ಅಕ್ಕನ್ನ ಕೇಳಿದೆ ಅಂತ ಹೇಳಿ" ಎಂದು ಅವನು ಹಿಂದಿನ ಸೀಟಿನ ಕಡೆ ನಡೆದ.